ಹೆದ್ದಾರಿಯಲ್ಲಿ ಎದುರುಸಂಚಾರ: ಕಾಯಿದೆಯು ಮಾಡಬೇಕಾದುದೇನು?

ದಾರಿಯ ಎಡಮಗ್ಗುಲನ್ನು ಹಿಡಿದು ನಡೆಯತಕ್ಕದ್ದೆಂಬ ನಿಯಮವು ನಮ್ಮ ದೇಶಕ್ಕೆ ಹೊಸತಲ್ಲ. 1939ನೆಯ ಇಸವಿಯ ಮೋಟಾರು ವಾಹನ ಕಾಯಿದೆಯ ಹತ್ತನೆಯ ಅನುಸೂಚಿಯಲ್ಲಿ ಚಾಲಕರಿಗೆಂದು ವಿಧಿಸಿದ್ದ ನಿಯಮಗಳಲ್ಲಿ ಮೊಟ್ಟಮೊದಲನೆಯದೇ ಇದಾಗಿದ್ದಿತು. ಒಬ್ಬರನ್ನೊಬ್ಬರು ಕಂಡರಿಯದ ಲಕ್ಷಾಂತರ ಜನರು ಪ್ರತಿದಿನವೂ ಒಬ್ಬರ ಕೈಯಲ್ಲಿ ಒಬ್ಬರು ತಮ್ಮ ಪ್ರಾಣವನ್ನಿಟ್ಟು ರಸ್ತೆಗಿಳಿಯುವುದು ಈ ಒಂದು ನಿಯಮದ ನಂಬುಗೆಯಿಂದಲೇ. ಎದುರಿನಿಂದ ಬರುವವನು ತನ್ನ ಮಗ್ಗುಲಲ್ಲಿ ಬರುವನು, ನಾನು ನನ್ನ ಮಗ್ಗುಲಲ್ಲಿ ಹೋಗುವೆನು ಎಂಬ ಈ ಬರೆಯದ ಒಡಂಬಡಿಕೆಯು ಮುರಿದುಬಿದ್ದರೆ ರಸ್ತೆಯು ರಸ್ತೆಯಾಗಿ ಉಳಿಯುವುದಿಲ್ಲ. ಈಗ ನಮ್ಮ ಹೆದ್ದಾರಿಗಳಲ್ಲಿ ಮುರಿದುಬೀಳುತ್ತಿರುವುದು ಈ ಒಡಂಬಡಿಕೆಯೇ. ವಾಹನಗಳನ್ನು ಎದುರುಮುಖವಾಗಿ ನಡೆಸುವ, ಜನರು ‘ರಾಂಗ್ ಸೈಡ್’ ಎಂದು ಕರೆಯುವ ಈ ಚಾಳಿಯು ದಿನೇ ದಿನೇ ಬಲಿಯುತ್ತಿರುವುದನ್ನು ನಮ್ಮ ವಾಚಕರೆಲ್ಲರೂ ಕಣ್ಣಾರೆ ಕಂಡಿದ್ದಾರೆ. ಇದನ್ನು ತಡೆಯಲು ಕಾಯಿದೆಯು ಏನು ಮಾಡಿದೆ, ಏನು ಮಾಡಬೇಕಾಗಿದೆ ಎಂಬುದನ್ನು ಇಂದು ವಿಚಾರಿಸಬೇಕೆಂದಿದ್ದೇವೆ.

2023ನೆಯ ಇಸವಿ ಜುಲೈ 11ರ ಬೆಳಗಿನ ಜಾವ ದೆಹಲಿ–ಮೀರತ್ ಹೆದ್ದಾರಿಯಲ್ಲಿ ಗಾಜಿಯಾಬಾದಿನ ಬಳಿ ನಡೆದ ದುರಂತವನ್ನು ಯಾರೂ ಮರೆತಿರಲಾರರು. ಅನಿಲ ತುಂಬಿಸಿಕೊಂಡು ಹಿಂದಿರುಗುತ್ತಿದ್ದ ಶಾಲೆಯೊಂದರ ಖಾಲಿ ಬಸ್ಸು ಸುತ್ತುದಾರಿಯನ್ನು ಉಳಿಸುವ ಸಲುವಾಗಿ ಹೆದ್ದಾರಿಯನ್ನು ಎದುರುಮುಖವಾಗಿ ಹೊಕ್ಕಿತು. ಹಲವಾರು ಕಿಲೋಮೀಟರುಗಳ ದೂರ ಹಾಗೆಯೇ ಬಂದಿತು. ತೀರ್ಥಯಾತ್ರೆಗೆಂದು ಹೊರಟಿದ್ದ ಒಂದು ಕುಟುಂಬದ ಕಾರು ತನ್ನ ಸರಿಯಾದ ದಾರಿಯಲ್ಲಿ ಬರುತ್ತಿದ್ದು ಆ ಬಸ್ಸಿಗೆ ಸಿಕ್ಕಿತು. ಮಕ್ಕಳೂ ಸೇರಿ ಆರು ಮಂದಿ ಅಸುನೀಗಿದರು. ಆ ಕುಟುಂಬದವರು ಮಾಡಿದ ತಪ್ಪೇನು? ಏನೂ ಇಲ್ಲ. ನಿಯಮವನ್ನು ನಂಬಿದುದೊಂದೇ ಅವರ ತಪ್ಪು. ಬಸ್ಸಿನವನು ಉಳಿಸಹೋದುದೇನು? ಕೆಲವು ನಿಮಿಷಗಳು, ಸ್ವಲ್ಪ ಅನಿಲ. ಇದಕ್ಕಿಂತಲೂ ನಮ್ಮನ್ನು ಬೆಚ್ಚಿಬೀಳಿಸುವ ಸಂಗತಿಯೆಂದರೆ, ಇಷ್ಟು ದೂರ ಎದುರುಮುಖವಾಗಿ ಬಂದ ಅಷ್ಟು ದೊಡ್ಡ ವಾಹನವನ್ನು ಯಾರೂ ತಡೆಯಲಿಲ್ಲವೆಂಬುದು. ಎಲ್ಲರೂ ದಿನವೂ ಕಾಣುವ ನೋಟವಾದುದರಿಂದ ಯಾರಿಗೂ ಅದು ವಿಶೇಷವೆನಿಸಲಿಲ್ಲ.

ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಮಂದಿ ಮಡಿದರು. ನಮ್ಮ ಕರ್ನಾಟಕವೊಂದರಲ್ಲಿಯೇ ಮಡಿದವರು ಹನ್ನೊಂದು ಸಾವಿರಕ್ಕೂ ಹೆಚ್ಚು. ರಾಷ್ಟ್ರೀಯ ಹೆದ್ದಾರಿಗಳು ದೇಶದ ರಸ್ತೆಗಳ ಒಟ್ಟು ಉದ್ದದಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಮಾತ್ರ. ಆದರೆ ಸಾವುಗಳಲ್ಲಿ ಮೂರನೆಯ ಒಂದು ಪಾಲಿಗೂ ಮಿಗಿಲಾದುವು ಅವುಗಳ ಮೇಲೆಯೇ ಸಂಭವಿಸಿದುವು. ಎದುರುಮುಖ ಸಂಚಾರದ ಲೆಕ್ಕಕ್ಕೆ ಬಿದ್ದ ಸಾವುಗಳು ನೂರಕ್ಕೆ ಐದಕ್ಕೂ ಹೆಚ್ಚು, ಎಂದರೆ ಒಂದು ವರ್ಷದಲ್ಲಿ ಸುಮಾರು ಒಂಬತ್ತು ಸಾವಿರ ಪ್ರಾಣಗಳು. ದಿನಕ್ಕೆ ಇಪ್ಪತ್ತನಾಲ್ಕು ಮನೆಗಳಲ್ಲಿ ದೀಪವಾರುತ್ತಿದೆ. ವೇಗದಿಂದಾಗುವ ಸಾವುಗಳು ಇದಕ್ಕಿಂತ ಎಷ್ಟೋ ಪಾಲು ಹೆಚ್ಚೆಂಬುದು ನಿಜ. ಆದರೆ ವೇಗದಲ್ಲಿ ಹೋಗುವವನು ತನ್ನ ಪ್ರಾಣವನ್ನೂ ಪಣಕ್ಕಿಡುತ್ತಾನೆಂಬುದನ್ನು ಬಲ್ಲನು. ಎದುರುಮುಖವಾಗಿ ಬರುವವನಾದರೋ “ನಾನು ಮೆಲ್ಲಗೆ, ಅಂಚಿನಲ್ಲಿ ಬರುತ್ತಿದ್ದೇನೆ, ಇದರಲ್ಲಿ ಅಪಾಯವೇನು?” ಎಂದು ತನ್ನನ್ನು ಸಮಾಧಾನಪಡಿಸಿಕೊಂಡು ಅಪಾಯವನ್ನು ಪೂರ್ತಿಯಾಗಿ ಇನ್ನೊಬ್ಬನ ಮಡಿಲಿಗೆ ಹಾಕುತ್ತಾನೆ.

ಈ ಸಮಾಧಾನವು ಎಷ್ಟು ಪೊಳ್ಳೆಂಬುದನ್ನು ಸಣ್ಣ ಲೆಕ್ಕವೊಂದು ತೋರಿಸುವುದು. ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಹೋಗುವ ಕಾರಿಗೆ ಅರುವತ್ತು ಕಿಲೋಮೀಟರು ವೇಗದ ವಾಹನವೊಂದು ಎದುರಾಯಿತೆನ್ನೋಣ. ಅವೆರಡರ ನಡುವಣ ಅಂತರವು ಪ್ರತಿ ಸೆಕೆಂಡಿಗೆ ನಾಲ್ವತ್ತನಾಲ್ಕು ಮೀಟರಿನಂತೆ ಕರಗುವುದು. ಕಂಡುದನ್ನು ಗ್ರಹಿಸಿ, ನಿಶ್ಚಯಿಸಿ, ಕಾಲನ್ನು ಬ್ರೇಕಿನ ಮೇಲೆ ಇಡುವುದಕ್ಕೆ ರಸ್ತೆಯ ಇಂಜಿನಿಯರುಗಳು ಸಾಧಾರಣವಾಗಿ ಎರಡೂವರೆ ಸೆಕೆಂಡುಗಳ ಅವಧಿಯನ್ನು ಲೆಕ್ಕ ಹಿಡಿಯುವರು. ಅಷ್ಟರಲ್ಲಿ ನೂರಹತ್ತು ಮೀಟರು ಮುಗಿದಿರುವುದು. ತಿರುವಿನಲ್ಲಿಯೋ, ಮುಂದಿನ ಲಾರಿಯ ಮರೆಯಲ್ಲಿಯೋ ನೂರು ಮೀಟರಿನ ದೂರದಲ್ಲಿ ಎದುರು ದೀಪವು ಕಂಡಿತೆಂದರೆ ಬ್ರೇಕಿಗೆ ಕಾಲು ತಲಪುವುದರೊಳಗೆ ಕೆಲಸ ಮುಗಿದುಹೋಗುವುದು. ಇನ್ನು ಅಂಚಿನ ಮಾತು. ಅಂಚಿನಲ್ಲಿ ಕೆಟ್ಟು ನಿಂತ ಲಾರಿಯಿರುವುದು, ನಡೆದುಹೋಗುವವರಿರುವರು. ಅವರನ್ನು ಬಳಸಿಕೊಳ್ಳಲು ಎದುರುಸವಾರನು ಹೆದ್ದಾರಿಯ ನಡುವಿಗೆ ಬರಲೇಬೇಕು. ದಾರಿ ತಪ್ಪಿ ಬಂದವನು ಅಭ್ಯಾಸಬಲದಿಂದ ತನ್ನ ಎಡಕ್ಕೆ ಸರಿದನೆಂದರೆ ಇನ್ನೂ ಕೇಡು. ಅವನ ಎಡವೆಂದರೆ ಡಿವೈಡರಿನ ಪಕ್ಕದ ಸಾಲು. ಎದುರಿನಿಂದ ಬರುವವರಲ್ಲಿ ಅತ್ಯಂತ ವೇಗದವರು ಹಿಡಿಯುವ ಸಾಲು ಅದೇ.

ಹೀಗಿರುವಲ್ಲಿ ಜನರು ಈ ಸಾಹಸವನ್ನು ಕೈಗೊಳ್ಳುವುದೇಕೆ? ಪರದೇಶಗಳಲ್ಲಿ ಎದುರುಮುಖವಾಗಿ ಹೆದ್ದಾರಿಯನ್ನು ಹೊಗುವವರು ಬಹುಮಟ್ಟಿಗೆ ಮದ್ಯದ ಅಮಲಿನಲ್ಲಿರುವವರು ಅಥವಾ ದಾರಿಯ ಗುರುತು ತಪ್ಪಿದ ವೃದ್ಧರು. ಅಮೆರಿಕೆಯ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು 2012ರಲ್ಲಿ ಈ ವಿಷಯವನ್ನು ವಿಶೇಷವಾಗಿ ಪರಿಶೀಲಿಸಿದಾಗ, ಇಂತಹ ಚಾಲಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕುಡಿದವರೆಂದು ಕಂಡುಬಂದಿತು. ನಮ್ಮಲ್ಲಿಯ ಸ್ಥಿತಿಯು ಬೇರೆ. ನಮ್ಮವನು ಅಮಲಿನಲ್ಲಿಲ್ಲ, ದಾರಿ ತಪ್ಪಿದವನೂ ಅಲ್ಲ. ಚೆನ್ನಾಗಿ ತಿಳಿದು, ಲೆಕ್ಕ ಹಾಕಿ, ಹಗಲುಹೊತ್ತಿನಲ್ಲಿಯೇ ಎದುರಿಗೆ ಬರುತ್ತಾನೆ. ಆದುದರಿಂದ ಕಾಯಿದೆಯು ಇವನ ಲೆಕ್ಕವನ್ನು ಮೊದಲು ತಿಳಿಯಬೇಕು.

ಕೆಲವು ತಿಂಗಳುಗಳ ಹಿಂದೆ ನಾವು ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಹೋಗುತ್ತಿದ್ದೆವು. ಮುಚ್ಚಂಜೆಯ ಹೊತ್ತು. ಎರಡು ಹಾಲಿನ ಕ್ಯಾನುಗಳನ್ನು ತೂಗುಬಿಟ್ಟುಕೊಂಡ ಮೋಟಾರು ಸೈಕಲ್ಲೊಂದು ದೀಪವಿಲ್ಲದೆ ನಮಗೆದುರಾಗಿ ಬಂದಿತು. ನಮ್ಮ ಚಾಲಕನ ಜಾಗರೂಕತೆಯಿಂದ ಎರಡು ಕಡೆಯವರೂ ಬದುಕಿಕೊಂಡೆವು. ಮುಂದೆ ಕಾರನ್ನು ನಿಲ್ಲಿಸಿ ಹಿಂದಿರುಗಿ ಆತನನ್ನು ವಿಚಾರಿಸಿದೆವು. ಸುಮಾರು ಐವತ್ತರ ಪ್ರಾಯದ ರೈತ. ಅವನು ತಪ್ಪನ್ನು ಅಲ್ಲಗಳೆಯಲಿಲ್ಲ. “ಸ್ವಾಮಿ, ನಮ್ಮ ಮನೆ ಆ ಕಡೆ ಐತೆ, ಡೈರಿ ಈ ಕಡೆ ಐತೆ. ಸರಿಯಾದ ದಾರೀಲಿ ಹೋದ್ರೆ ಹೋಗ್ತಾ ಮೂರು, ಬರ್ತಾ ಮೂರು ಕಿಲೋಮೀಟರ್ ಸುತ್ತಬೇಕು. ದಿನಕ್ಕೆ ಎರಡು ಸಲ. ಮುಂಚೆ ಇಲ್ಲೇ ದಾಟ್ತಿದ್ವಿ. ಒಂದು ದಿನ ಬಂದು ಮುಚ್ಚಿಬಿಟ್ರು. ನಮ್ಮನ್ನ ಯಾರು ಕೇಳಿದ್ರು?” ಎಂದನು. ಈ ಪ್ರಶ್ನೆಗೆ ಉತ್ತರವು ನಮ್ಮಲ್ಲಿರಲಿಲ್ಲ. ಆದರೆ ಮಾತು ಮುಗಿಯುವುದರೊಳಗೆ ಇನ್ನೊಂದನ್ನೂ ಕಂಡೆವು. ಬೆಲೆಬಾಳುವ ಕಾರೊಂದು ನಮ್ಮ ಮುಂದೆಯೇ ಹೆದ್ದಾರಿಯಲ್ಲಿ ಎದುರುಮುಖವಾಗಿ ಬಂದು, ಹಿಂದೆ ಬಿಟ್ಟುಹೋಗಿದ್ದ ಹೋಟಲಿನ ಬಾಗಿಲಲ್ಲಿ ನಿಂತಿತು. ಅದರಿಂದಿಳಿದ ಗೃಹಸ್ಥರು ಕಾಫಿಗೆಂದು ಒಳನಡೆದರು. ಇವರಿಗೆ ಡೈರಿಯೂ ಇಲ್ಲ, ಮುಚ್ಚಿದ ದಾರಿಯೂ ಇಲ್ಲ. ಹೋಟಲು ಹಿಂದಾಯಿತೆಂಬುದೊಂದೇ ಕಾರಣ.

ಎದುರುಸಂಚಾರವೆಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ರೋಗಗಳಿರುವುವೆಂಬುದು ಆ ಸಂಜೆ ನಮಗೆ ಸ್ಪಷ್ಟವಾಯಿತು. ಒಂದು, ದಾರಿಯನ್ನು ಕಟ್ಟಿದವರು ಹಳ್ಳಿಯನ್ನು ಎರಡಾಗಿ ಸೀಳಿ ಹೋದುದರ ಫಲ. ಇನ್ನೊಂದು, ನಾಗರಿಕರೆನಿಸಿಕೊಂಡವರ ಸೋಮಾರಿತನ ಮತ್ತು ಅಹಂಕಾರ. ಒಂದೇ ಕೋಲಿನಿಂದ ಇಬ್ಬರನ್ನೂ ಹೊಡೆಯುವ ಕಾಯಿದೆಯು ನ್ಯಾಯವಾದುದಲ್ಲ. ಇಬ್ಬರನ್ನೂ ಬಿಟ್ಟುಬಿಡುವ ಕಾಯಿದೆಯು ಕಾಯಿದೆಯೇ ಅಲ್ಲ.

ಈಗಿರುವ ಕಾಯಿದೆಯ ಸ್ಥಿತಿಯೇನು? 1939ರ ಕಾಯಿದೆಯ ಸ್ಥಾನದಲ್ಲಿ 1988ರ ಮೋಟಾರು ವಾಹನ ಕಾಯಿದೆಯು ಬಂದಿತು. ಅದರ 184ನೆಯ ಪ್ರಕರಣವು ಅಪಾಯಕರವಾದ ಚಾಲನೆಯನ್ನು ದಂಡಿಸುತ್ತಿತ್ತಾದರೂ, ಎದುರುಮುಖವಾಗಿ ಬರುವುದು ಅಪಾಯಕರವೇ ಎಂಬುದು ವಾದಕ್ಕೆ ಬಿಟ್ಟ ವಿಷಯವಾಗಿದ್ದಿತು. 2019ರ ತಿದ್ದುಪಡಿಯು ಈ ಸಂದೇಹವನ್ನು ಪರಿಹರಿಸಿ, ನಿಯಮಿತ ದಿಕ್ಕಿಗೆ ವಿರೋಧವಾಗಿ ವಾಹನ ನಡೆಸುವುದನ್ನು ಅಪಾಯಕರ ಚಾಲನೆಯ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿತು. ಮೊದಲ ಅಪರಾಧಕ್ಕೆ ಆರು ತಿಂಗಳಿಗೆ ಕಡಮೆಯಿಲ್ಲದೆ ಒಂದು ವರ್ಷದವರೆಗೆ ಸೆರೆ, ಅಥವಾ ಸಾವಿರದಿಂದ ಐದು ಸಾವಿರ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಮೂರು ವರ್ಷಗಳೊಳಗೆ ಮತ್ತೆ ಮಾಡಿದರೆ ಎರಡು ವರ್ಷಗಳವರೆಗೆ ಸೆರೆ, ಅಥವಾ ಹತ್ತು ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಇಷ್ಟೇ ಅಲ್ಲ. ಈ ಅಪರಾಧವನ್ನು ಸ್ಥಳದಲ್ಲಿಯೇ ಹಣ ಕಟ್ಟಿ ರಾಜಿ ಮಾಡಿಕೊಳ್ಳಲು 200ನೆಯ ಪ್ರಕರಣವು ಎಡೆಗೊಡುವುದಿಲ್ಲ. 184ರಲ್ಲಿ ಕೈಯಲ್ಲಿ ಫೋನು ಹಿಡಿದ ಅಪರಾಧಕ್ಕೆ ಮಾತ್ರ ಆ ಸೌಕರ್ಯವಿದೆ. ಲೈಸೆನ್ಸನ್ನು ವಶಪಡಿಸಿಕೊಂಡು ಅನರ್ಹತೆಯ ಕ್ರಮಕ್ಕಾಗಿ ಅಧಿಕಾರಿಗೆ ಕಳುಹಿಸಬೇಕೆಂದು 206ನೆಯ ಪ್ರಕರಣವು ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಪ್ರಕರಣವೂ ದುಡುಕಿನ ಚಾಲನೆಗೆ ಆರು ತಿಂಗಳವರೆಗಿನ ಸೆರೆಯನ್ನು ವಿಧಿಸಿದೆ. ಅಜಾಗರೂಕತೆಯಿಂದ ಸಾವನ್ನುಂಟುಮಾಡಿದವನಿಗೆ ಹಿಂದೆ ಎರಡು ವರ್ಷಗಳಿದ್ದ ಶಿಕ್ಷೆಯು ಅದರ 106ನೆಯ ಪ್ರಕರಣದಲ್ಲಿ ಐದು ವರ್ಷಗಳವರೆಗೆ ಏರಿದೆ.

ಕಾಗದದ ಮೇಲೆ ಕಾಯಿದೆಯು ಬಡವಾಗಿಲ್ಲವೆಂಬುದು ಇದರಿಂದ ತಿಳಿಯುವುದು. ಹಾಗಾದರೆ ಕೊರತೆಯೆಲ್ಲಿದೆ?

ಮೊದಲನೆಯ ಕೊರತೆಯು, ಒಂದೇ ಅಪರಾಧಕ್ಕೆ ಎರಡು ಬಾಗಿಲುಗಳಿರುವುದು. ಅದೇ ಕಾಯಿದೆಯ 118ನೆಯ ಪ್ರಕರಣದಂತೆ ಮಾಡಿದ ಚಾಲನಾ ನಿಯಮಗಳೂ ಎಡಕ್ಕೆ ಸಾಗಬೇಕೆಂದು ಹೇಳುತ್ತವೆ. ಅವುಗಳನ್ನು ಮೀರಿದವನಿಗೆ 177ಎ ಪ್ರಕರಣದಂತೆ ಐನೂರರಿಂದ ಸಾವಿರ ರೂಪಾಯಿಗಳ ದಂಡ ಮಾತ್ರ. ಒಂದು ಬಾಗಿಲು ನ್ಯಾಯಾಲಯಕ್ಕೆ, ಲೈಸೆನ್ಸಿನ ರದ್ದಿಗೆ, ಸೆರೆಗೆ ಒಯ್ಯುವುದು. ಇನ್ನೊಂದು ಐನೂರು ರೂಪಾಯಿಗೆ ತೆರೆಯುವುದು. ಯಾವ ಬಾಗಿಲಿನಿಂದ ಒಳಬಿಡಬೇಕೆಂಬುದು ರಸ್ತೆಯಲ್ಲಿ ನಿಂತ ಪೋಲೀಸಿನವನ ಇಚ್ಛೆ. ಕೆಲಸದ ಹೊರೆಯಿಂದ ಬಳಲಿದವನು ಸುಲಭವಾದ ಬಾಗಿಲನ್ನೇ ತೆರೆಯುವನು. ಮನಸ್ಸು ಕೆಟ್ಟವನು ದೊಡ್ಡ ಬಾಗಿಲನ್ನು ತೋರಿಸಿ ಹೆದರಿಸಿ, ಎರಡೂ ಬಾಗಿಲುಗಳಲ್ಲದ ಮೂರನೆಯದೊಂದರಿಂದ ಕಳುಹಿಸಿಬಿಡುವನು. ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು, ಪೇಟೆಯ ಬೀದಿಗೂ ಹೆದ್ದಾರಿಗೂ ಕಾಯಿದೆಯು ಭೇದವನ್ನೆಣಿಸದಿರುವುದು. ಮಾರುಕಟ್ಟೆಯ ಸಂದಿಯಲ್ಲಿ ಏಕಮುಖ ಸಂಚಾರದ ಹಲಗೆಯನ್ನು ಗಮನಿಸದೆ ಇಪ್ಪತ್ತು ಗಜ ಬಂದ ಸ್ಕೂಟರಿನವನೂ, ನೂರು ಕಿಲೋಮೀಟರು ವೇಗದ ದಾರಿಯಲ್ಲಿ ಎದುರುಮುಖವಾಗಿ ಬಂದ ಲಾರಿಯವನೂ ಒಂದೇ ಸಾಲಿನಲ್ಲಿ ನಿಲ್ಲುವರು. ಜರ್ಮನಿಯಲ್ಲಿ ಹಾಗಿಲ್ಲ. ಅಲ್ಲಿಯ ದಂಡಸಂಹಿತೆಯ 315ಸಿ ಪ್ರಕರಣವು ಹೆದ್ದಾರಿಯಲ್ಲಿ ಎದುರುಮುಖವಾಗಿ ವಾಹನ ನಡೆಸಿ ಪರರ ಪ್ರಾಣವನ್ನು ಅಪಾಯಕ್ಕೊಡ್ಡುವುದನ್ನು ಪ್ರತ್ಯೇಕವಾಗಿಯೇ ಹೆಸರಿಸಿ ಐದು ವರ್ಷಗಳವರೆಗೆ ಸೆರೆಯನ್ನು ವಿಧಿಸಿದೆ. ಸಾವು ಸಂಭವಿಸುವವರೆಗೆ ಅಲ್ಲಿಯ ಕಾಯಿದೆಯು ಕಾಯುತ್ತ ಕೂಡುವುದಿಲ್ಲ.

ಮೂರನೆಯದೂ ನಮ್ಮ ದೃಷ್ಟಿಯಲ್ಲಿ ಅತಿ ಮುಖ್ಯವಾದುದೂ ಆದ ಕೊರತೆಯೆಂದರೆ, ಚಾಲಕನ ಮೇಲೆ ಇಷ್ಟೊಂದು ಹೊರಿಸಿದ ಕಾಯಿದೆಯು ದಾರಿಯನ್ನು ಕಟ್ಟಿದವನ ಮೇಲೆ ಹೊರಿಸಿದ ಹೊಣೆಯು ಅತ್ಯಲ್ಪವೆಂಬುದು. 2019ರಲ್ಲಿ ಸೇರಿದ 198ಎ ಪ್ರಕರಣದಂತೆ, ರಸ್ತೆಯ ರಚನೆಯಲ್ಲಿ ವಿಧಿಸಿದ ಮಟ್ಟವನ್ನು ಪಾಲಿಸದೆ ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಮಾತ್ರ ಒಂದು ಲಕ್ಷ ರೂಪಾಯಿಗಳವರೆಗೆ ದಂಡ. ನೂರಾರು ಕೋಟಿ ರೂಪಾಯಿಗಳ ಕಂಟ್ರಾಕ್ಟಿನಲ್ಲಿ ಒಂದು ಲಕ್ಷವೆಂದರೆ ಸಮುದ್ರದಲ್ಲಿ ಉಪ್ಪಿನ ಹರಳು. ಹಳ್ಳಿಯ ಮುಂದೆ ಡಿವೈಡರನ್ನು ಮುಚ್ಚಿ, ಕೆಳಸೇತುವೆಯನ್ನೂ ಕಟ್ಟದೆ, ಸರ್ವೀಸ್ ರಸ್ತೆಯನ್ನು ಅರ್ಧಕ್ಕೆ ನಿಲ್ಲಿಸಿ, ಸುಂಕದ ಕಟ್ಟೆಯನ್ನು ಮಾತ್ರ ಮೊದಲ ದಿನದಿಂದಲೇ ತೆರೆಯುವವನನ್ನು ಕೇಳುವ ಪ್ರಕರಣವು ಯಾವುದು?

ದಾರಿಯ ವ್ಯವಸ್ಥೆ ಮತ್ತು ಕಾವಲು ಎರಡೂ ಕೂಡಿದರೆ ಕಾಯಿದೆಯು ಫಲಿಸುವುದೆಂಬುದಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿಯೇ ನಿದರ್ಶನ. 2023ರ ಮಾರ್ಚಿಯಲ್ಲಿ ತೆರೆದ ಈ ದಾರಿಯು ಮೊದಲ ತಿಂಗಳುಗಳಲ್ಲಿ ಅಪಘಾತಗಳಿಂದ ಕುಪ್ರಸಿದ್ಧವಾಗಿದ್ದಿತು. ಅದೇ ವರ್ಷ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರುಗಳನ್ನೂ ಮುಖ್ಯ ದಾರಿಯಿಂದ ಹೊರಗಿಟ್ಟು ಪಕ್ಕದ ರಸ್ತೆಗೆ ಕಳುಹಿಸಿದರು. ಮುಂದೆ ಕ್ಯಾಮೆರಾಗಳು ಬಂದುವು, ದಂಡದ ನೋಟೀಸುಗಳು ಮನೆಬಾಗಿಲಿಗೆ ಹೋದುವು. ಸಾವುಗಳು ಗಣನೀಯವಾಗಿ ಇಳಿದುವು. ಹೊರಗಿಡುವ ಮಾತನ್ನು ಧೈರ್ಯವಾಗಿ ಆಡಲು ಸಾಧ್ಯವಾದುದು ಪಕ್ಕದಲ್ಲಿ ಇನ್ನೊಂದು ದಾರಿಯಿದ್ದುದರಿಂದ ಎಂಬುದನ್ನು ಅಧಿಕಾರಿಗಳು ಮರೆಯಬಾರದು. ಆ ಪಕ್ಕದ ದಾರಿಯು ಎಲ್ಲೆಡೆಯೂ ತಕ್ಕಷ್ಟು ಚೆನ್ನಾಗಿಲ್ಲವೆಂಬ ದೂರೂ ಇದೆ. ಅದನ್ನು ಸರಿಪಡಿಸುವುದು ದಂಡ ಹಾಕುವಷ್ಟೇ ಮುಖ್ಯವಾದ ಕೆಲಸ.

ಆದುದರಿಂದ ನಾವು ಈ ಕೆಳಗಿನ ಸೂಚನೆಗಳನ್ನು ಸರ್ಕಾರದ ಮತ್ತು ಶಾಸನಸಭೆಯ ಸದಸ್ಯರ ಮುಂದಿಡುತ್ತೇವೆ. ಮೋಟಾರು ವಾಹನಗಳ ವಿಷಯವು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ, ದೆಹಲಿಯವರು ತಡಮಾಡಿದರೂ ರಾಷ್ಟ್ರಪತಿಗಳ ಒಪ್ಪಿಗೆಯನ್ನು ಪಡೆದು ನಮ್ಮ ರಾಜ್ಯವೇ ಮುಂದುವರಿಯಲು ಅಡ್ಡಿಯಿಲ್ಲ.

ಒಂದನೆಯದಾಗಿ, ಡಿವೈಡರು ಇರುವ ಹೆದ್ದಾರಿಗಳಲ್ಲಿಯ ಎದುರುಸಂಚಾರಕ್ಕೆ ಪ್ರತ್ಯೇಕ ಪ್ರಕರಣವಿರಬೇಕು. ಅಲ್ಲಿ ಐನೂರು ರೂಪಾಯಿಯ ಬಾಗಿಲನ್ನು ಮುಚ್ಚಬೇಕು. ಶಿಕ್ಷೆಯು ಕ್ರೂರವಾಗಿರಬೇಕೆಂದು ನಾವು ಹೇಳುವುದಿಲ್ಲ; ನಿಶ್ಚಯವಾಗಿರಬೇಕು. ಎಂದೋ ಒಬ್ಬನಿಗೆ ಆಗುವ ಆರು ತಿಂಗಳ ಸೆರೆಗಿಂತ, ಸಿಕ್ಕಿದವನಿಗೆಲ್ಲ ತಪ್ಪದೆ ಆಗುವ ಮೂರು ತಿಂಗಳ ಲೈಸೆನ್ಸ್ ಅಮಾನತು ಹೆಚ್ಚು ಭಯವನ್ನುಂಟುಮಾಡುವುದು. ಎರಡನೆಯದಾಗಿ, ಬಸ್ಸು, ಲಾರಿ ಮೊದಲಾದ ಭಾರಿ ವಾಹನಗಳ ವಿಷಯದಲ್ಲಿ ಮಾಲೀಕನೂ ಹೊಣೆಯಾಗಬೇಕು. ಇಂಧನವುಳಿದರೆ ಲಾಭವು ಮಾಲೀಕನಿಗೆ, ಜೈಲು ಮಾತ್ರ ಚಾಲಕನಿಗೆ ಎಂಬುದು ನ್ಯಾಯವಲ್ಲ. ಮೂರನೆಯದಾಗಿ, ರಸ್ತೆಯಲ್ಲಿ ತಡೆದು ನಿಲ್ಲಿಸಿ ಚೌಕಾಶಿ ನಡೆಸುವ ಪದ್ಧತಿಗೆ ಬದಲಾಗಿ ಕ್ಯಾಮೆರಾದ ಸಾಕ್ಷ್ಯದ ಮೇಲೆ ಮನೆಗೆ ನೋಟೀಸು ಹೋಗುವ ಪದ್ಧತಿಯು ಎಲ್ಲ ಹೆದ್ದಾರಿಗಳಿಗೂ ಬರಬೇಕು. ಕಾಯಿದೆಯ 136ಎ ಪ್ರಕರಣವೂ 2021ರಲ್ಲಿ ಮಾಡಿದ ನಿಯಮಗಳೂ ಇದಕ್ಕೆ ಆಗಲೇ ದಾರಿ ಮಾಡಿಕೊಟ್ಟಿವೆ.

ನಾಲ್ಕನೆಯದಾಗಿ, ಡಿವೈಡರಿನ ಯಾವ ದಾಟುದಾರಿಯನ್ನೂ ಗ್ರಾಮಸ್ಥರಿಗೆ ತಿಳಿಸಿ ಅವರ ಮಾತನ್ನು ಕೇಳದೆ ಮುಚ್ಚತಕ್ಕದ್ದಲ್ಲವೆಂದೂ, ನಡೆದುಹೋಗುವಷ್ಟು ದೂರದೊಳಗೆ ಜನರೂ ದನಕರುಗಳೂ ಎತ್ತಿನ ಗಾಡಿಗಳೂ ದಾಟುವ ಕೆಳಸೇತುವೆಯನ್ನು ಕಟ್ಟುವವರೆಗೆ ಸುಂಕವನ್ನು ಎತ್ತತಕ್ಕದ್ದಲ್ಲವೆಂದೂ ಕಾಯಿದೆಯಲ್ಲಿಯೇ ಬರೆಯಬೇಕು. ದಾರಿ ಕಟ್ಟಿದವನಿಗೆ ದಂಡವು ಹೆಣ ಬಿದ್ದ ಮೇಲಲ್ಲ, ತಪ್ಪು ಕಂಡ ಕೂಡಲೆ ಬೀಳಬೇಕು. ಹೆದ್ದಾರಿಯಿಂದ ಹೊರಗಿಳಿಯುವ ಪ್ರತಿಯೊಂದು ಬಾಯಿಯಲ್ಲಿಯೂ, ಒಳಹೊಗುವವನ ಕಣ್ಣಿಗೆ ಹೊಡೆಯುವಂತೆ ಕನ್ನಡದಲ್ಲಿ ದೊಡ್ಡ ಫಲಕವೂ ದೀಪವೂ ಇರಬೇಕು. ಐದನೆಯದಾಗಿ, ಸರ್ಕಾರಿ ವಾಹನಗಳಿಗೂ ಹೆದ್ದಾರಿಯ ಕಂಟ್ರಾಕ್ಟುದಾರರ ವಾಹನಗಳಿಗೂ ಯಾವ ವಿನಾಯಿತಿಯೂ ಸಲ್ಲದು. ಡಿವೈಡರಿನ ಹೂಗಿಡಗಳಿಗೆ ನೀರು ಹಾಕುವ ಟ್ಯಾಂಕರೇ ಎದುರುಮುಖವಾಗಿ ಬರುವುದನ್ನು ಕಂಡ ರೈತನಿಗೆ ನಾವು ಯಾವ ಮುಖದಿಂದ ಬುದ್ಧಿ ಹೇಳುವುದು? ಬೇಲಿಯೇ ಎದ್ದು ಹೊಲ ಮೇಯ್ದಂತಾಗುವುದಲ್ಲವೇ?

ಕಾಯಿದೆಯನ್ನು ಬಿಗಿ ಮಾಡಿದರೆ ಬಡವನಿಗೇ ಪೆಟ್ಟು, ಸಿರಿವಂತನು ಹೇಗೂ ಪಾರಾಗುವನೆಂದು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲವೆನ್ನಲಾರೆವು. ಆದರೆ ಹೆದ್ದಾರಿಗಳಲ್ಲಿ ಸಾಯುವವರು ಯಾರು? ದೇಶದ ರಸ್ತೆಗಳಲ್ಲಿ ಮಡಿಯುವವರಲ್ಲಿ ಎಲ್ಲರಿಗಿಂತ ಹೆಚ್ಚಿನವರು ದ್ವಿಚಕ್ರ ವಾಹನದವರೇ. ಹಾಲಿನ ಕ್ಯಾನು ತೂಗುಬಿಟ್ಟುಕೊಂಡು ಬಂದ ಆ ರೈತನನ್ನು ಕಾಯಿದೆಯಿಂದ ವಿನಾಯಿತಿಗೊಳಿಸುವುದು ದಯೆಯಲ್ಲ. ಅವನಿಗೆ ದಾಟುವ ದಾರಿಯನ್ನು ಕೊಟ್ಟು, ಆ ಮೇಲೆ ಅವನನ್ನು ತಡೆಯುವುದು ದಯೆ. ದಾರಿಯನ್ನು ಕೊಡದೆ ದಂಡವನ್ನು ಮಾತ್ರ ಕೊಡುವುದು ಅನ್ಯಾಯ. ಈ ಕ್ರಮವನ್ನು ಹಿಂದುಮುಂದು ಮಾಡಬಾರದೆಂಬುದೇ ನಮ್ಮ ಬಿನ್ನಹ.

ಕೊನೆಯದಾಗಿ ನಗರವಾಸಿಗಳಾದ ನಮ್ಮ ವಾಚಕರಿಗೆ ಒಂದು ಮಾತು. ಪರಕೀಯರು ಹೇರಿದ ಕಾಯಿದೆಯನ್ನು ಮುರಿಯುವುದೇ ಧರ್ಮವಾಗಿದ್ದ ಕಾಲವೊಂದಿತ್ತು. ಅಂದು ಮುರಿದವರು ಹಗಲಿನಲ್ಲಿ, ಎಲ್ಲರ ಮುಂದೆ ಮುರಿದು, ಶಿಕ್ಷೆಯನ್ನು ತಾವೇ ಕೇಳಿ ಪಡೆದರು. ಇಂದು ನಾವು ಮುರಿಯುತ್ತಿರುವುದು ನಮ್ಮ ಪ್ರತಿನಿಧಿಗಳೇ ಮಾಡಿದ ಕಾಯಿದೆಯನ್ನು. ಶಿಕ್ಷೆಯನ್ನು ಮಾತ್ರ ಎದುರಿಗೆ ಬರುವ ಅಪರಿಚಿತನ ಮಕ್ಕಳು ಅನುಭವಿಸುತ್ತಾರೆ. ಹೋಟಲು ಹಿಂದಾಯಿತೆಂದು ಕಾರನ್ನು ತಿರುಗಿಸುವ ಗೃಹಸ್ಥರು ಹಳ್ಳಿಯ ಅರಿಯದ ಜನರಲ್ಲ. ಓದಿದವರು, ಅಧಿಕಾರದಲ್ಲಿರುವವರು, ಬಹುಶಃ ಈ ಪತ್ರಿಕೆಯನ್ನು ಓದುವವರು. ಅವರು ಇನ್ನೂ ಎರಡು ಕಿಲೋಮೀಟರು ಮುಂದೆ ಹೋಗಿ ಸರಿಯಾಗಿ ತಿರುಗಿ ಬರಲಿ. ಕಾಫಿಯು ಅಷ್ಟರಲ್ಲಿ ಆರಿಹೋಗುವುದಿಲ್ಲ.